ಒಲೆಗೆ ಹೋದ ಹೆಸರುಗಳು

ಮೊನ್ನೆ ಸಂಜೆ ಮಳೆ ಹಿಡಿದು ಕೂತಿತ್ತು. ಬಚ್ಚಲೊಲೆ ಹೊತ್ತಿಸಲು ಹೋದ ಮೊಮ್ಮಗ ಅಟ್ಟದಿಂದ ರಟ್ಟಿನ ಡಬ್ಬಿಯೊಂದನ್ನು ಇಳಿಸಿ, ಒಳಗಿನ ಹಳೇ ಕಾಗದಗಳನ್ನು ಕೈಗೆತ್ತಿಕೊಂಡಿದ್ದ. "ಅಜ್ಜಿ, ಇವು ಚೆನ್ನಾಗಿ ಒಣಗಿವೆ" ಎಂದ. ಓಡಿಹೋಗಿ ಕೈ ಹಿಡಿದೆ. ನನ್ನ ದನಿ ಜೋರಾಗಿತ್ತೆಂದು ಕಾಣುತ್ತದೆ, ರಜೆಗೆ ಬಂದ ಹುಡುಗ ಹೆದರಿಬಿಟ್ಟ. ಒಲೆ ಮುಂದೆ ಮಣೆ ಹಾಕಿ ಕೂರಿಸಿಕೊಂಡು, ಅವನು ಹುಟ್ಟಿದ ವರ್ಷದ ಕಥೆ ಹೇಳಿದೆ.

ಮಗಳ ಬಾಣಂತನಕ್ಕೆಂದು ಸಿಯಾಟಲ್‌ಗೆ ಹೋಗಿದ್ದೆ. ಅಲ್ಲಿಯೂ ನಮ್ಮ ಮಲೆನಾಡಿನ ಹಾಗೆ ಬಿಡದ ಜಿಟಿಜಿಟಿ. ನಾನು ಮನೆಯೊಳಗೇ ಕೂತು ಬೇಸತ್ತದ್ದು ಕಂಡು, ಅಳಿಯ ಒಂದು ಶನಿವಾರ "ಬನ್ನಿ ಅತ್ತೆ" ಎಂದು ಪೇಟೆಯ ದೊಡ್ಡ ಲೈಬ್ರರಿಗೆ ಕರೆದುಕೊಂಡು ಹೋದ. ಊರಿಗೆ ಊರೇ ಕಾಣುವ ಗಾಜಿನ ಕಟ್ಟಡ. ಅಲ್ಲಿ ಕಂಪ್ಯೂಟರಿನ ಪರದೆಯ ಮೇಲೆ ಒಬ್ಬ ಮುದುಕಿಯ ಪಟ ತೋರಿಸಿದ. ತಲೆಗೆ ಬಟ್ಟೆ ಸುತ್ತಿದ್ದಾಳೆ, ಮುಖದ ತುಂಬ ನೆರಿಗೆ. ಮೊದಲ ನೋಟಕ್ಕೆ ನಮ್ಮ ಕೇರಿಯ ಅಜ್ಜಿಯೊಬ್ಬಳು ನೆನಪಾದಳು.

ಅಲ್ಲಿನ ಮೂಲನಿವಾಸಿ ಹೆಂಗಸು, ಹೆಸರು ಕಿಕಿಸೊಬ್ಲು. ಬಿಳಿಯರು ಏಂಜಲಿನ್ ಎಂದು ಕರೆದರು. ಸಿಯಾಟಲ್ ಎಂಬ ಹೆಸರು ಬಂದದ್ದೇ ಅವಳಪ್ಪನಿಂದ. 1855ರ ಒಪ್ಪಂದದ ಪ್ರಕಾರ ಅವಳ ಜನರೆಲ್ಲ ಆ ನೆಲ ಬಿಟ್ಟು ಹೋಗಬೇಕಾಯಿತು. ಅವಳು ಹೋಗಲಿಲ್ಲ. ಅಪ್ಪನ ಹೆಸರಿನ ಊರಲ್ಲೇ ದಡದ ಗುಡಿಸಲೊಂದರಲ್ಲಿದ್ದು, ನಮ್ಮ ಕರಾವಳಿಯವರು ಬಳಚು ಬಗೆಯುವ ಹಾಗೆ ಚಿಪ್ಪು ಬಗೆದು, ಊರವರ ಬಟ್ಟೆ ಒಗೆದು ಬದುಕಿದಳು. 1896ರಲ್ಲಿ ತೀರಿಕೊಂಡಳು. ಅದಕ್ಕೆ ಸ್ವಲ್ಪ ಮೊದಲು ಎಡ್ವರ್ಡ್ ಕರ್ಟಿಸ್ ಎಂಬ ಸ್ಟುಡಿಯೋದವನು ಪಟಕ್ಕೊಂದು ಡಾಲರ್ ಕೊಟ್ಟು ಅವಳ ಚಿತ್ರ ತೆಗೆದ. ಅಲ್ಲಿಂದ ಶುರುವಾದದ್ದು ಅವನ ಬದುಕನ್ನೇ ನುಂಗಿತು. ಮೂಲನಿವಾಸಿಗಳ ಎಂಬತ್ತಕ್ಕೂ ಹೆಚ್ಚು ಬುಡಕಟ್ಟುಗಳು, ನಲವತ್ತು ಸಾವಿರ ಚಿತ್ರಗಳು, ಮೇಣದ ಉರುಳೆಗಳಲ್ಲಿ ಹಾಡು ಮತ್ತು ಮಾತು. 1907ರಿಂದ 1930ರವರೆಗೆ 20 ಸಂಪುಟಗಳು ಬಂದವು.

ಆ ಮೇಲೆ ಅಳಿಯ ಕರ್ಟಿಸನ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟ. "ವ್ಯತ್ಯಾಸ ಹೇಳಿ ಅತ್ತೆ." ಪಿಗಾನ್ ಎಂಬ ಬುಡಕಟ್ಟಿನವರ ಡೇರೆಯೊಳಗೆ ಅಪ್ಪ, ಮಗ ಕೂತಿದ್ದಾರೆ. ಲಿಟಲ್ ಪ್ಲೂಮ್, ಯೆಲ್ಲೋ ಕಿಡ್ನಿ. ಒಂದರಲ್ಲಿ ಇಬ್ಬರ ನಡುವೆ ಗಡಿಯಾರವಿದೆ. ಪುಸ್ತಕದಲ್ಲಿ ಅಚ್ಚಾದ ಇನ್ನೊಂದರಲ್ಲಿ ಅದಿಲ್ಲ. ಇವರು ಅಳಿದು ಹೋಗುತ್ತಿರುವ ಜನ ಎಂದು ಕರ್ಟಿಸ್ ನಂಬಿದ್ದ. ಅಳಿಯುವವರ ಮನೆಯಲ್ಲಿ ಗಡಿಯಾರ ಇರಬಾರದಲ್ಲ, ತಿದ್ದಿ ತೆಗೆದ. ಅಪ್ಪ ಮಗ ತಮ್ಮ ನಡುವೆ ಇಟ್ಟುಕೊಂಡಿದ್ದ ವಸ್ತು ಅದು. ಅವರ ಮನೆಯಿಂದ ಅದನ್ನು ತೆಗೆಯುವ ಹಕ್ಕು ಅವನಿಗಿರಲಿಲ್ಲ. ಚಿತ್ರ ಎಷ್ಟೇ ಚೆಂದವಿರಲಿ, ನಾನು ಈ ಮಾತು ಬಿಡುವುದಿಲ್ಲ.

ಆದರೆ ತಿದ್ದದ ಚಿತ್ರವನ್ನು ಯಾರೋ ಎಸೆಯದೆ ಇಟ್ಟಿದ್ದರು. ಅದಕ್ಕೇ ಸುಳ್ಳು ಸಿಕ್ಕಿಬಿತ್ತು.

ಅದೇ ಲೈಬ್ರರಿಯಲ್ಲಿ ಕರ್ಟಿಸನ ಕಾಗದಗಳೂ ಇವೆ. 1948ರಲ್ಲಿ, ಲೋಕ ಅವನನ್ನು ಮರೆತೇಬಿಟ್ಟಿದ್ದಾಗ, ಹ್ಯಾರಿಯೆಟ್ ಲೀಚ್ ಎಂಬ ಗ್ರಂಥಪಾಲಕಿ ಎಂಬತ್ತರ ಮುದುಕನಿಗೆ ಪತ್ರ ಬರೆದು ಹಿಂದಿನದನ್ನೆಲ್ಲ ಕೇಳತೊಡಗಿದಳು. ಅವನು ಉತ್ತರ ಬರೆದ. ಅವಳು ಒಂದನ್ನೂ ಕಳೆಯಗೊಡಲಿಲ್ಲ. 1919ರಲ್ಲಿ ವಿಚ್ಛೇದನವಾಗಿ ಸ್ಟುಡಿಯೋ ಹೆಂಡತಿಯ ಪಾಲಾದಾಗ, ಅಲ್ಲಿದ್ದ ಗಾಜಿನ ನೆಗೆಟಿವ್‌ಗಳನ್ನು ಅವನೂ ಮಗಳೂ ಸೇರಿ ಒಡೆದು ಹಾಕಿದರಂತೆ. ಅಳಿಯ ಇದನ್ನು ಹೇಳುತ್ತಿದ್ದ ಹಾಗೆಯೇ ನನಗೆ ಅಲ್ಲಿ ಕೂರಲಾಗಲಿಲ್ಲ. ಕಿಟಕಿಯ ಕಡೆ ಹೋಗಿ ನಿಂತೆ.

ಸಿಯಾಟಲ್‌ಗೆ ಹೋಗುವ ಎರಡು ವರ್ಷ ಮೊದಲು, ಗೆದ್ದಲು ಹಿಡಿಯುತ್ತದೆಂದು ಈ ಮನೆಯ ಅಟ್ಟ ಖಾಲಿ ಮಾಡಿದ್ದೆ. ಮಾವನವರ ಕಾಲದ ಆಳುಲೆಕ್ಕದ ಪುಸ್ತಕಗಳು ಒಂದು ಗಂಟು. ಮೂರು ದಿನ ಇದೇ ಒಲೆಗೆ ನಾನೇ ಒಡ್ಡಿದೆ. ಆ ಮಳೆಗಾಲ, ನಮ್ಮ ತೋಟದ ಕೆಲಸಕ್ಕೆ ಬರುತ್ತಿದ್ದ ಹಸಲರ ಕೇರಿಯಿಂದ ಕಾಲೇಜು ಓದುವ ಹುಡುಗನೊಬ್ಬ ಬಂದ. ನಮ್ಮ ಜಗಲಿಯಲ್ಲಿ ಕೊನೆಕೊಯ್ಲಿನ ಹಳೇ ಪಟವಿದೆ. ಕುರ್ಚಿಯಲ್ಲಿ ಕೂತ ಮನೆಯವರ ಹೆಸರುಗಳೆಲ್ಲ ಕೆಳಗಿವೆ. ಹಿಂದೆ ಕತ್ತಿ ಹಿಡಿದು ನಿಂತ ಹನ್ನೊಂದು ಜನರದ್ದಿಲ್ಲ. "ಅಮ್ಮಾ, ಇದರಲ್ಲಿ ನಮ್ಮ ಮುತ್ತಜ್ಜ ಯಾರು?" ಎಂದು ಕೇಳಿದ. ಮುಖ ಗುರುತಿಸುವವರು ಯಾರೂ ಉಳಿದಿರಲಿಲ್ಲ. ಆ ವರ್ಷ ಯಾರ್‍ಯಾರು ತೋಟಕ್ಕಿಳಿದಿದ್ದರೆಂದು ಹೆಸರು ಹಿಡಿದು ಬರೆದದ್ದು ಲೆಕ್ಕದ ಪುಸ್ತಕದಲ್ಲಿ ಮಾತ್ರ. ಅವನು ಪಟದ ಮುಂದೆ ತುಂಬ ಹೊತ್ತು ನಿಂತಿದ್ದ, ಮೊಬೈಲಿನಲ್ಲಿ ಅದರ ಚಿತ್ರ ತೆಗೆದುಕೊಂಡು ಹೋದ. ಸುಟ್ಟ ಸಂಗತಿ ಹೇಳಲು ನನಗೆ ಬಾಯಿ ಬರಲಿಲ್ಲ.

ಮೊಮ್ಮಗ ಕಥೆ ಕೇಳಿ ಸುಮ್ಮನಿದ್ದ. ಆಮೇಲೆ ಡಬ್ಬಿಯಲ್ಲಿದ್ದ ಪಟಗಳನ್ನು ಒಂದೊಂದಾಗಿ ತೆಗೆದ. ನನಗೆ ಗೊತ್ತಿದ್ದ ಹೆಸರು ಹೇಳಿದೆ, ಅವನು ಹಿಂಬದಿಗೆ ಪೆನ್ಸಿಲಿನಲ್ಲಿ ಬರೆದ. ಏಳು ಪಟಗಳಲ್ಲಿ ಹಿಂದೆ ನಿಂತವರು ಯಾರೆಂದು ನನಗೂ ತಿಳಿಯಲಿಲ್ಲ. ಅವನ್ನು ಬೇರೆ ಲಕೋಟೆಗೆ ಹಾಕಿದ್ದೇವೆ. ಮಳೆ ಬಿಟ್ಟ ದಿನ ಕೇರಿಗೆ ಹೋಗಿ ಹಿರಿಯರನ್ನು ಕೇಳಬೇಕು, ಆ ಹುಡುಗನಿಗೆ ನಿಜ ಹೇಳಬೇಕು.

ಒಲೆ ಹೊತ್ತಿಸಿದ್ದು ಅಡಿಕೆ ಹಾಳೆಯಿಂದ.