ಗದ್ದೆ ಹೋದ ಮೇಲೆ ಹುಲ್ಲು

ನಮ್ಮೂರು ಸುಂಕಸಾಳದವರು ಗದ್ದೆ ಬಿಟ್ಟದ್ದು ರೇಷನ್ ಅಕ್ಕಿ ತಿಂದು ಸೋಮಾರಿಗಳಾಗಿ ಎಂದು ಅಂಕೋಲೆ ಪೇಟೆಯಲ್ಲಿ ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತದೆ. ರೇಷನ್ ಅಕ್ಕಿಯ ಅನ್ನಭಾಗ್ಯ ಯೋಜನೆ ಬಂದದ್ದು 2013ರಲ್ಲಿ. ಅಷ್ಟೊತ್ತಿಗೆ ನಮ್ಮ ಮನೆಯೆದುರಿನ ಗದ್ದೆಗಳಲ್ಲಿ ಅಡಿಕೆ ಸಸಿ ಆಳೆತ್ತರ ಎದ್ದಾಗಿತ್ತು.

1974ರ ಭೂಸುಧಾರಣೆಯ ಹೊತ್ತಿಗೆ ನಾನು ಶಾಲೆಯ ಹುಡುಗ. ದಿನಕರ ದೇಸಾಯಿಯವರು ರೈತರನ್ನು ಕಟ್ಟಿ ಹೋರಾಡಿದ ಸೀಮೆ ಇದು. ಗೇಣಿಗೆ ಉಳುವ ಭೂಮಿ ತಮಗೇ ಆಗಬೇಕೆಂದು ಡಿಕ್ಲರೇಷನ್ ಕೊಡಲು ನಮ್ಮವರಿಗೆ ಯಾರೂ ಕಲಿಸಬೇಕಿರಲಿಲ್ಲ. ಗೇಣಿಯೆಂದು ಒಡೆಯರ ಮನೆಗೆ ಹೋಗುತ್ತಿದ್ದ ಭತ್ತ ನಮ್ಮ ಕಣಜದಲ್ಲೇ ಉಳಿಯಿತು. ಅಪ್ಪ 'ಜಯ' ತಳಿ ಹಾಕಿದ, ಯೂರಿಯಾ ಎರಚಿದ. ಆಷಾಢದಲ್ಲಿ ಗಂಜಿಗೆ ಅಕ್ಕಿ ಸಾಲ ಕೇಳುವುದು ತಪ್ಪಿತು. ಆಗ ಆಸ್ಪತ್ರೆಯ ಗೋಡೆಯ ಮೇಲೆ ಕುಟುಂಬ ಯೋಜನೆಯ ಕೆಂಪು ತ್ರಿಕೋನ. ಜನ ಹೆಚ್ಚಿದರೆ ಅನ್ನ ಸಾಲದು ಎಂದು ಮಾಸ್ತರರೂ ಹೇಳುತ್ತಿದ್ದರು.

ನಮ್ಮಲ್ಲಿ ಮೊದಲು ಸಾಲದೇ ಹೋದದ್ದು ಗದ್ದೆ. ಒಕ್ಕಲು ಪಡೆದ ಭೂಮಿ ಅಣ್ಣತಮ್ಮಂದಿರಲ್ಲಿ ಹಿಸೆಯಾಯಿತು. ಒಬ್ಬೊಬ್ಬನ ಪಾಲಿಗೆ ಬಂದ ತುಂಡಿಗೆ ಜೋಡಿ ಎತ್ತು ಸಾಕುವುದೇ ನಷ್ಟ.

ಆಮೇಲೆ ಅದಿರಿನ ಕಾಲ. ಬಳ್ಳಾರಿಯ ಕಬ್ಬಿಣದ ಅದಿರು ಹೊತ್ತ ಲಾರಿಗಳು ಅರಬೈಲ್ ಘಟ್ಟ ಇಳಿದು ಹಗಲೂ ರಾತ್ರಿ ಬೇಲೇಕೇರಿ ಬಂದರಿಗೆ ಹೋದವು. ರಸ್ತೆ ಬದಿಯ ಭತ್ತದ ಗರಿಯ ಮೇಲೆಲ್ಲ ಕೆಂಪು ಧೂಳು. ಪಂಕ್ಚರ್ ಅಂಗಡಿ, ಚಾದಂಗಡಿ, ಕ್ಲೀನರ್ ಕೆಲಸ: ಹುಡುಗರ ಕೈಗೆ ಸಂಜೆಯೊಳಗೆ ರೊಕ್ಕ. ನೆಟ್ಟಿಗೆ ಆಳು ಕರೆದರೆ ಯಾರು ಬಂದಾರು? ನೆಟ್ಟು, ಕಳೆ ಕಿತ್ತು, ಹಂದಿ ಕಾಯಲು ಮಾಳದಲ್ಲಿ ನಿದ್ದೆಗೆಟ್ಟು ಮನೆಗೆ ತಂದ ಭತ್ತದ ಲೆಕ್ಕ ಹಾಕಿದರೆ, ಗಂಗಾವತಿಯ ಅಕ್ಕಿಯೇ ಅಗ್ಗ. ಅದೂ ಅದೇ ಘಟ್ಟ ಇಳಿದು ಬರುತ್ತಿತ್ತು.

2010ರಲ್ಲಿ ಬೇಲೇಕೇರಿಯಲ್ಲಿ ಅದಿರು ಜಪ್ತಿಯಾಗಿ, ಅಕ್ರಮ ಸಾಗಣೆಯ ಹಗರಣ ಲೋಕಾಯುಕ್ತರ ವರದಿಗೂ ಬಂತು. ಲಾರಿ ನಿಂತವು. ಹುಡುಗರು ಗದ್ದೆಗೆ ತಿರುಗಲಿಲ್ಲ. ಗೋವಾ, ಹುಬ್ಬಳ್ಳಿ, ಬೆಂಗಳೂರು ಹಿಡಿದರು. ಉಣ್ಣುವ ಬಾಯಿ ಹೆಚ್ಚುತ್ತದೆ ಎಂದು ಹೆದರಿಸಿದ್ದ ಮಾಸ್ತರರು ಈಗ ಬಂದು ನೋಡಬೇಕು: ಮಳೆಗಾಲದಲ್ಲಿ ನಮ್ಮ ಕೇರಿಯ ಎಷ್ಟೋ ಮನೆಗಳಲ್ಲಿ ಇಬ್ಬರೇ ಮುದುಕರು. ಆಳಿಲ್ಲದವರಿಗೆ ಅಡಿಕೆಯೇ ಗತಿ. ಅದಕ್ಕೆ ವರ್ಷವರ್ಷ ಉಳುವುದಿಲ್ಲ, ನೆಡುವುದಿಲ್ಲ. 2019ರ ಆಗಸ್ಟಿನ ನೆರೆಯಲ್ಲಿ ಗಂಗಾವಳಿ ಹೊಳೆಬದಿಯ ಗದ್ದೆಗಳ ಮೇಲೆ ಮರಳು ಹಾಸಿತು. ಒಂದಿಷ್ಟು ಗದ್ದೆ ಹಾಗೂ ಹೋಯಿತು.

ಅಕ್ಕಿಗಂತೂ ಈಗ ಕೊರತೆಯಿಲ್ಲ, ಸೊಸಾಯಿಟಿಯಲ್ಲಿ ಸಿಗುತ್ತದೆ. ಯಾರೂ ಎಣಿಸದೆ ಹೋದದ್ದು ಭತ್ತದ ಹುಲ್ಲು. ಮೊದಲು ಮನೆ ಮುಂದೆ ಹುಲ್ಲಿನ ಬಣವೆ, ಹಿಂದೆ ಗೊಬ್ಬರದ ಗುಂಡಿ. ರೇಷನ್ ಚೀಟಿಗೆ ಹುಲ್ಲು ಕೊಡುವುದಿಲ್ಲವಲ್ಲ! ಘಟ್ಟದ ಮೇಲಿನಿಂದ ಬರುವ ಹುಲ್ಲು ಕೊಂಡು ನಾಲ್ಕು ದನ ಸಾಕಲು ನಮ್ಮಿಂದಾಗಲಿಲ್ಲ. ಒಂದನ್ನು ಇಟ್ಟುಕೊಂಡು ಉಳಿದವನ್ನು ಕೊಟ್ಟೆವು. ಆ ಒಂದರ ಸೆಗಣಿ ತೋಟದ ಮೂಲೆಗೂ ಸಾಲದು. ಈಗ ಗೊಬ್ಬರಕ್ಕೂ ಲಾರಿಯವನಿಗೆ ಫೋನ್ ಮಾಡಬೇಕು.