ಕುದುರೆಮುಖದ ಬೆಟ್ಟದಲ್ಲಿ ಮಕ್ಕಳೊಡನೆ ಎರಡು ದಿನ

ರಜೆ ಸಮೀಪಿಸಿತೆಂದರೆ ಮಕ್ಕಳನ್ನು ಎಲ್ಲಿಗೆ ಕರೆದೊಯ್ಯಬೇಕೆಂಬ ಚಿಂತೆ ಹೆತ್ತವರಿಗೆ ಹುಟ್ಟುವುದು ಸಹಜ. ಪಟ್ಟಣದ ಮಕ್ಕಳು ವರ್ಷದ ಬಹುಭಾಗವನ್ನು ನಾಲ್ಕು ಗೋಡೆಗಳ ನಡುವೆ ಕಳೆಯುತ್ತಾರೆ. ಶಾಲೆಗೆ ವಾಹನದಲ್ಲಿ ಹೋಗಿ ವಾಹನದಲ್ಲಿಯೇ ಮರಳುತ್ತಾರೆ. ಮನೆಗೆ ಬಂದ ಮೇಲೆ ಅವರ ದೃಷ್ಟಿ ಮೊಬೈಲಿನ ಗಾಜಿನ ಮೇಲೆ ನೆಟ್ಟಿರುತ್ತದೆ. ನದಿಯೆಂದರೆ ಸೇತುವೆಯ ಮೇಲಿನಿಂದ ಕ್ಷಣಮಾತ್ರ ಕಾಣುವ ನೀರು, ಬೆಟ್ಟವೆಂದರೆ ಚಿತ್ರದೊಳಗಿನ ವಸ್ತು ಎಂಬಂತಾಗಿದೆ. ಹೀಗಿರಲಾಗಿ, ಮಕ್ಕಳನ್ನು ಒಂದೆರಡು ದಿನವಾದರೂ ಕಾಲ್ನಡಿಗೆಯಲ್ಲಿ ಕಾಡಿನೊಳಕ್ಕೆ ಕರೆದೊಯ್ದರೆ ಆಗುವ ಲಾಭವೇನು, ಅದರಲ್ಲಿ ಗಮನದಲ್ಲಿಡತಕ್ಕ ವಿಷಯಗಳಾವುವು ಎಂಬುದನ್ನು ನಮ್ಮ ಅನುಭವದಿಂದ ನಾಲ್ಕು ಮಾತುಗಳಲ್ಲಿ ತಿಳಿಸಲು ಈ ಸಂಚಿಕೆಯ ಸಂಪಾದಕಿಯರು ನಮಗೆ ಅವಕಾಶವನ್ನಿತ್ತಿದ್ದಾರೆ.

ಈ ಶಾಲೆಯಲ್ಲಿ ನಾವು ಕಲಿಯುತ್ತಿದ್ದಾಗ ಭೂಗೋಳದ ತರಗತಿಯಲ್ಲಿ ನದಿಗಳ ಪಟವನ್ನು ಬರೆಯಬೇಕಾಗಿತ್ತು. ತುಂಗೆ, ಭದ್ರೆ, ನೇತ್ರಾವತಿ ಈ ಮೂರೂ ಪಶ್ಚಿಮ ಘಟ್ಟದ ಒಂದೇ ಬೆಟ್ಟಸಾಲಿನಲ್ಲಿ ಹುಟ್ಟುತ್ತವೆ. ಮೊದಲಿನ ಎರಡು ಮೂಡಲಿಗೆ ತಿರುಗಿ, ಕೂಡಲಿಯಲ್ಲಿ ಒಂದಾಗಿ, ಕೃಷ್ಣೆಯನ್ನು ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತವೆ. ಮೂರನೆಯದು ಪಡುವಲಿಗೆ ಇಳಿದು ಮಂಗಳೂರಿನ ಬಳಿ ಅರಬೀ ಸಮುದ್ರವನ್ನು ಸೇರುತ್ತದೆ. ಒಂದೇ ಸಾಲಿನ ಮೇಲೆ ಬಿದ್ದ ಮಳೆಹನಿಗಳು ಎರಡು ಕಡಲುಗಳಿಗೆ ಹಂಚಿಹೋಗುವವೆಂಬ ಮಾತು ಅಂದು ನಮಗೆ ಬಹು ಸೋಜಿಗವಾಗಿ ತೋರಿತ್ತು. ಆ ಸಾಲನ್ನು ಮಕ್ಕಳಿಗೆ ಕಣ್ಣಾರೆ ತೋರಿಸಬೇಕೆಂಬ ಆಸೆ ನಮ್ಮಲ್ಲಿ ಬಹುಕಾಲದಿಂದಿತ್ತು.

2024ನೆಯ ಇಸವಿಯ ದಸರಾ ರಜೆಯಲ್ಲಿ ಅದು ಕೈಗೂಡಿತು. ಹದಿಮೂರು ವರ್ಷದ ಮಗಳು, ಒಂಬತ್ತು ವರ್ಷದ ಮಗ, ನಾವು ದಂಪತಿಗಳು, ನಮ್ಮೊಡನೆ ಎಪ್ಪತ್ತೈದು ವರ್ಷದ ನಮ್ಮ ಮಾವನವರು, ಹೀಗೆ ಐವರು ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೆ ಹೊರಟೆವು. ಮಾವನವರು ಬರುವರೆಂದು ನಾವು ಎಣಿಸಿರಲಿಲ್ಲ. ಯಾಕಂದರೆ ಅವರು ಆ ಬೆಟ್ಟಗಳ ನಡುವಿನ ಕಬ್ಬಿಣದ ಅದಿರಿನ ಗಣಿಯಲ್ಲಿ ಇಪ್ಪತ್ತಾರು ವರ್ಷ ಡಂಪರ್ ನಡೆಸಿದವರು. ಗಣಿ ನಿಂತ ಮೇಲೆ ಊರು ಬಿಟ್ಟು ಮಂಗಳೂರಿಗೆ ಬಂದವರು ಒಮ್ಮೆಯೂ ಆ ಕಡೆಗೆ ತಲೆಹಾಕಿರಲಿಲ್ಲ. ಅದರ ಮಾತೆತ್ತಿದರೆ ಎದ್ದು ಅಂಗಳಕ್ಕೆ ಹೋಗುತ್ತಿದ್ದರು. ಮೊಮ್ಮಕ್ಕಳು ಕರೆದದ್ದರಿಂದ ಈ ಸಾರಿ ಒಪ್ಪಿದರು.

ಆ ಗಣಿಯ ಕಥೆಯನ್ನು ತಿಳಿಯದ ಎಳೆಯರಿಗಾಗಿ ಸಂಗ್ರಹವಾಗಿ ಹೇಳುವುದು ಯುಕ್ತ. ಅದಿರು ತೆಗೆಯುವುದಕ್ಕೋಸ್ಕರ 1976ರಲ್ಲಿ ಸರಕಾರದ ಕಂಪೆನಿಯೊಂದು ಸ್ಥಾಪಿತವಾಯಿತು. ಕಾಡಿನ ನಡುವೆ ಒಂದು ಊರೇ ಎದ್ದಿತು. ಅದಿರಿನ ಪುಡಿಯನ್ನು ನೀರಿನಲ್ಲಿ ಕಲಸಿ 67 ಕಿಲೊಮೀಟರು ಉದ್ದದ ಕೊಳವೆಯ ಮೂಲಕ ಮಂಗಳೂರಿನ ಬಂದರಿನ ತನಕ ಹರಿಸುತ್ತಿದ್ದರು. ಉಳಿದ ಹೂಳನ್ನು ತಡೆಯಲು ಲಕ್ಯಾ ಹೊಳೆಗೆ ಎತ್ತರವಾದ ಅಣೆಕಟ್ಟನ್ನು ಕಟ್ಟಿದರು. ಇತ್ತ 1980ರ ದಶಕದಲ್ಲಿ ವನ್ಯಜೀವಿ ಶಾಸ್ತ್ರಜ್ಞರಾದ ಉಲ್ಲಾಸ ಕಾರಂತರು ಇಲ್ಲಿನ ಸಿಂಗಳೀಕಗಳ ವಿಷಯವಾಗಿ ಅಧ್ಯಯನ ನಡೆಸಿದರು. 1987ರಲ್ಲಿ ಸುಮಾರು 600 ಚದರ ಕಿಲೊಮೀಟರು ಪ್ರದೇಶವನ್ನು ರಾಷ್ಟ್ರೀಯ ಉದ್ಯಾನವೆಂದು ಸಾರಲಾಯಿತು. ಕಾಡು ಮತ್ತು ಗಣಿ ಎರಡೂ ಒಂದೆಡೆಯಲ್ಲಿ ಇರಲಾರವೆಂಬ ವಾದವು ಕಡೆಗೆ ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟಿತು. ನಾಗರಹೊಳೆಯಲ್ಲಿ ವನಾಧಿಕಾರಿಯಾಗಿದ್ದ ಕೆ. ಎಂ. ಚಿಣ್ಣಪ್ಪನವರ ಹೆಸರಿನಲ್ಲಿ ನಡೆದ ಆ ವ್ಯಾಜ್ಯದಲ್ಲಿ 2002ರ ಅಕ್ಟೋಬರದಲ್ಲಿ ತೀರ್ಪಾಗಿ, 2005ರ ಕೊನೆಗೆ ಗಣಿಯ ಕೆಲಸ ನಿಂತಿತು.

ಮಂಗಳೂರಿನಿಂದ ಕಾರ್ಕಳ, ಬಜಗೋಳಿಗಳ ಮಾರ್ಗವಾಗಿ ಘಟ್ಟವನ್ನೇರಿದೆವು. ಕುದುರೆಮುಖದ ಊರನ್ನು ಸೇರಿದಾಗ ಮಧ್ಯಾಹ್ನವಾಗಿತ್ತು. ಒಂದು ಕಾಲದಲ್ಲಿ ಮಕ್ಕಳ ಗದ್ದಲದಿಂದ ತುಂಬಿದ್ದ ಬೀದಿಗಳಲ್ಲಿ ಸಾಲುಸಾಲಾಗಿ ಮನೆಗಳು ಬೀಗ ಹಾಕಿಕೊಂಡು ನಿಂತಿದ್ದವು. ಕೆಲವುಗಳ ಮಾಡು ಕುಸಿದು ಒಳಗೆ ಗಿಡ ಬೆಳೆದಿತ್ತು. ನಮ್ಮ ಯಜಮಾನರು ತಾವು ಹುಟ್ಟಿ ಬೆಳೆದ ಮನೆಯನ್ನು ಗುರುತಿಸಿ ಮಕ್ಕಳಿಗೆ ತೋರಿಸಿದರು. ಮಗಳು ದೂರದ ಬೋಳುಗುಡ್ಡದ ಕಡೆಗೆ ಕೈ ನೀಡಿ, “ಅಜ್ಜ, ಈ ಗುಡ್ಡವನ್ನು ಅಗೆದವರು ನೀವೇ ಅಲ್ಲವೇ?” ಎಂದು ಕೇಳಿಬಿಟ್ಟಳು. ಕೇಳಿದ್ದು ಮಗುವಿನ ಕುತೂಹಲದಿಂದಲೇ ಹೊರತು ನಿಂದಿಸುವ ಉದ್ದೇಶದಿಂದಲ್ಲ. ಮಾವನವರು ಉತ್ತರ ಕೊಡಲಿಲ್ಲ. ಗಾಡಿಯಲ್ಲಿ ಕುಳಿತುಕೊಂಡು, “ಹೊತ್ತಾಯಿತು, ಹೋಗೋಣ” ಎಂದಷ್ಟೇ ಅಂದರು. ಸಂಸೆಯ ಸಮೀಪದಲ್ಲಿ ನಾವು ಇಳಿದುಕೊಂಡ ಮನೆಯಲ್ಲಿ ಬಿಸಿಬಿಸಿ ಅಕ್ಕಿರೊಟ್ಟಿ ಬಡಿಸಿದಾಗಲೂ ಅವರ ಬಾಯಿಂದ ಮಾತು ಹೊರಡಲಿಲ್ಲ. ಮಗಳು ತಾನು ಏನೋ ಆಡಬಾರದ್ದನ್ನು ಆಡಿದೆನೆಂದು ನೊಂದುಕೊಂಡಳು.

ಮರುದಿನ ಬೆಳಕು ಹರಿಯುವ ಮೊದಲೇ ಜೀಪಿನಲ್ಲಿ ಮುಳ್ಳೋಡಿಗೆ ಹೋದೆವು. ಅಲ್ಲಿಂದ ಕುದುರೆಮುಖದ ಶಿಖರಕ್ಕೆ ಹೋಗಿಬರಲು ಸುಮಾರು 20 ಕಿಲೊಮೀಟರು ನಡೆಯಬೇಕು. ಶಿಖರದ ಎತ್ತರ ಸುಮಾರು 1890 ಮೀಟರು. ಅರಣ್ಯ ಇಲಾಖೆಯ ಅಪ್ಪಣೆಯನ್ನು ಮುಂಚಿತವಾಗಿಯೇ ಪಡೆದಿರಬೇಕು, ಮಾರ್ಗದರ್ಶಿಯಿಲ್ಲದೆ ಹೋಗಕೂಡದು, ಸಂಜೆಯೊಳಗೆ ಇಳಿದು ಬರತಕ್ಕದ್ದು, ಮೇಲೆ ಗುಡಾರ ಹೂಡಿ ರಾತ್ರಿ ಕಳೆಯುವುದಕ್ಕೆ ಅನುಮತಿಯಿಲ್ಲ. ಮಾವನವರು ಹಳ್ಳದ ದಡದಲ್ಲಿಯೇ ನಮ್ಮನ್ನು ಕಾದಿರುತ್ತೇನೆಂದು ಹೇಳಿ ಒಂದು ಬಂಡೆಯ ಮೇಲೆ ಕುಳಿತರು. ನಾವು ನಾಲ್ವರು ಆ ಊರಿನವನೇ ಆದ ತರುಣ ಮಾರ್ಗದರ್ಶಿಯ ಹಿಂದೆ ನಡೆದೆವು.

ಮೊದಲ ಗಂಟೆಯಲ್ಲಿಯೇ ಮಕ್ಕಳಿಗೆ ಇಂಬಳಗಳ ಪರಿಚಯವಾಯಿತು. ಮಗನು ಕಾಲಿಗೆ ಹತ್ತಿದ್ದನ್ನು ಕಂಡು ಕಿರಿಚಿದನು. ಮಾರ್ಗದರ್ಶಿಯು ನಗುತ್ತಾ ಸ್ವಲ್ಪ ಉಪ್ಪು ಮುಟ್ಟಿಸಿದೊಡನೆ ಅದು ಕಳಚಿ ಬಿದ್ದಿತು. ಮೂರನೆಯ ಇಂಬಳವನ್ನು ಹುಡುಗನು ತಾನೇ ಬಿಡಿಸಿಕೊಂಡನು. ಐದನೆಯದಕ್ಕೆ ಅಕ್ಕನ ಕಾಲಿನ ವೈದ್ಯನಾದನು. ಭಯವೆಂಬುದು ಉಪದೇಶದಿಂದ ಹೋಗದೆ ಪರಿಚಯದಿಂದಲೇ ಹೋಗುವುದೆಂಬುದನ್ನು ಅಲ್ಲಿ ಕಂಡೆವು.

ದಾರಿಯು ಒಮ್ಮೆ ಕಾಡಿನೊಳಗೆ ನುಗ್ಗುತ್ತದೆ, ಒಮ್ಮೆ ಹುಲ್ಲಿನ ಬಯಲಿಗೆ ಹೊರಡುತ್ತದೆ. ಬೆಟ್ಟದ ಬೋರೆಗಳ ಮೇಲೆಲ್ಲಾ ಹುಲ್ಲು. ಎರಡು ಬೋರೆಗಳು ಕೂಡುವ ತಗ್ಗುಗಳಲ್ಲಿ ಮಾತ್ರ ದಟ್ಟವಾದ ಮರಗಳು. ಇಂತಹ ಕಾಡನ್ನು ಶೋಲಾ ಎನ್ನುತ್ತಾರೆ. ಒಳಗೆ ಹೊಕ್ಕರೆ ಹಗಲಿನಲ್ಲಿಯೇ ಮಬ್ಬು. ಮರದ ಮೈಯೆಲ್ಲಾ ಹಾವಸೆ. ಕಾಲಡಿಯ ತರಗೆಲೆ ಒದ್ದೆ ಬಟ್ಟೆಯಂತೆ ಮೆತ್ತಗೆ. ಇಲ್ಲಿ ವರ್ಷಕ್ಕೆ 6000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವುದುಂಟು. ಆ ನೀರೆಲ್ಲಾ ಒಮ್ಮೆಗೆ ಹರಿದುಹೋಗದೆ, ಹುಲ್ಲಿನ ಬೇರಿನಲ್ಲಿಯೂ ಶೋಲಾದ ಮಣ್ಣಿನಲ್ಲಿಯೂ ಇಂಗಿ, ಬೇಸಗೆಯ ಉದ್ದಕ್ಕೂ ತೊಟ್ಟುತೊಟ್ಟಾಗಿ ಹಳ್ಳಗಳಿಗೆ ಇಳಿಯುತ್ತದೆ. ಮಗಳು ಒಂದು ಹಿಡಿ ತರಗೆಲೆಯನ್ನು ಎತ್ತಿ ಹಿಂಡಿದಳು; ಮಳೆ ಬಿಟ್ಟು ದಿನಗಳಾಗಿದ್ದರೂ ನೀರು ಸೋರಿತು. ಪುಸ್ತಕದ ಹತ್ತು ಪುಟಗಳು ಹೇಳಲಾರದ್ದನ್ನು ಆ ಒಂದು ಹಿಡಿ ಎಲೆ ಹೇಳಿತು.

ಸಿಂಗಳೀಕವನ್ನು ಕಾಣಬೇಕೆಂದು ಮಗನು ಮರಮರವನ್ನೂ ನೋಡುತ್ತಾ ನಡೆದನು. ಕಪ್ಪು ಮೈ, ಮುಖದ ಸುತ್ತಲೂ ಬೂದುಬಣ್ಣದ ಕೇಸರ, ತುದಿಯಲ್ಲಿ ಕುಚ್ಚುಳ್ಳ ಬಾಲದ ಈ ಕೋತಿಯು ಪಶ್ಚಿಮ ಘಟ್ಟದ ಕಾಡುಗಳಲ್ಲಲ್ಲದೆ ಲೋಕದಲ್ಲಿ ಬೇರೆಲ್ಲಿಯೂ ಸಹಜವಾಗಿ ವಾಸಿಸುವುದಿಲ್ಲ. ಅದು ಹೆಚ್ಚಾಗಿ ಮರದ ತುದಿಗಳಲ್ಲಿಯೇ ಇರುವುದರಿಂದ, ಒಂದು ಮರಕ್ಕೂ ಇನ್ನೊಂದಕ್ಕೂ ನಡುವೆ ಕೊಂಬೆಯ ಸಂಬಂಧ ಕಡಿದರೆ ಅದರ ದಾರಿಯೇ ಕಡಿದಂತೆ. ಹುಡುಗನ ಆಸೆ ಅಂದು ಕೈಗೂಡಲಿಲ್ಲ. ಕಾಟಿಗಳ ಗೊರಸಿನ ಗುರುತನ್ನು ಮಾತ್ರ ಕೆಸರಿನಲ್ಲಿ ಕಂಡು ತನ್ನ ಅಂಗೈಯಿಂದ ಅಳೆದು ತೃಪ್ತನಾದನು.

ಒಂಟಿಮರವೆಂದು ಹೆಸರಾದ ಸ್ಥಳವನ್ನು ದಾಟಿ, ಹಲವು ಹಳ್ಳಗಳನ್ನು ಹಾಯ್ದು, ಹನ್ನೊಂದೂಮುಕ್ಕಾಲರ ಹೊತ್ತಿಗೆ ಎತ್ತರವಾದ ಬೋರೆಯನ್ನು ಸೇರಿದೆವು. ಶಿಖರವು ಕುದುರೆಯ ಮೋರೆಯಂತೆ ಎದುರಿಗೆ ಕಾಣುತ್ತಿತ್ತು. ಬುತ್ತಿ ಬಿಚ್ಚಿ ಅವಲಕ್ಕಿ, ಬೆಲ್ಲ, ಬಾಳೆಹಣ್ಣು ತಿನ್ನುತ್ತಿರುವಷ್ಟರಲ್ಲಿ ಪಡುವಣ ಕಡೆಯಿಂದ ಮಂಜು ಎದ್ದು ಬಂದು, ಮೊದಲು ಶಿಖರವನ್ನೂ ಬಳಿಕ ದಾರಿಯನ್ನೂ ನುಂಗಿತು. ಹತ್ತು ಮಾರು ಆಚೆ ನಿಂತವರು ಕಾಣದಾದರು. ಗಾಳಿಯೊಡನೆ ಹನಿ ಬೀಳತೊಡಗಿತು. ಮಗನ ತುಟಿ ಚಳಿಯಿಂದ ಕಪ್ಪಿಟ್ಟಿತ್ತು. ಮೇಲೆ ಇನ್ನೂ ಒಂದೂವರೆ ಗಂಟೆಯ ಏರು ಉಳಿದಿದೆ, ಅದು ಕಡಿದಾದುದು, ಜಾರುವುದು ಎಂದು ಮಾರ್ಗದರ್ಶಿಯು ತಿಳಿಸಿದನು. “ಅಮ್ಮಾ, ಬೆಟ್ಟ ಎಲ್ಲಿಗೂ ಹೋಗುವುದಿಲ್ಲ” ಎಂದನು.

ಮಗಳು ಮಾತ್ರ ಒಪ್ಪಲಿಲ್ಲ. ತಾನೂ ತಂದೆಯೂ ಮುಂದೆ ಹೋಗುವುದಾಗಿಯೂ, ತಮ್ಮನು ನಮ್ಮೊಡನೆ ಇಳಿಯಲೆಂದೂ ಹಟ ಹಿಡಿದಳು. ಸಹಪಾಠಿಗಳಿಗೆ ಶಿಖರದ ಚಿತ್ರವನ್ನು ತೋರಿಸುವೆನೆಂದು ಮಾತು ಕೊಟ್ಟಿದ್ದಳಂತೆ. ಮಾರ್ಗದರ್ಶಿ ಒಬ್ಬನೇ, ಗುಂಪನ್ನು ಎರಡು ಮಾಡಿದರೆ ಒಂದು ಭಾಗವು ಮಂಜಿನಲ್ಲಿ ದಿಕ್ಕಿಲ್ಲದೆ ಉಳಿಯುವುದು. ಮಕ್ಕಳೊಡನೆ ಬೆಟ್ಟ ಹತ್ತುವವರು ಎಲ್ಲರಿಗಿಂತ ಚಿಕ್ಕವನ ಕಾಲಿನಿಂದ ದೂರವನ್ನು ಅಳೆಯಬೇಕೆಂದು ಆಕೆಗೆ ತಿಳಿಯಹೇಳಿ, ಎಲ್ಲರೂ ಹಿಂದಿರುಗಿದೆವು. ಆಕೆ ಒಂದು ಹರದಾರಿಯ ತನಕ ಯಾರೊಡನೆಯೂ ಮಾತಾಡದೆ ಮುಂದೆ ಮುಂದೆ ನಡೆದಳು. ಹಳ್ಳವೊಂದನ್ನು ದಾಟುವಲ್ಲಿ ತಮ್ಮನ ಕಾಲು ನಡುಗುವುದನ್ನು ಕಂಡು ತಿರುಗಿ ಬಂದು, ಅವನ ಚೀಲವನ್ನು ತನ್ನ ಹೆಗಲಿಗೆ ಹಾಕಿಕೊಂಡು, ಮುಳ್ಳೋಡಿಯ ತನಕ ಅವನ ಕೈಯನ್ನು ಬಿಡಲಿಲ್ಲ. ಶಿಖರವನ್ನು ಏರಿದ್ದರೆ ಇದಕ್ಕಿಂತ ಹೆಚ್ಚಿನದನ್ನು ಏನು ಕಲಿಯುತ್ತಿದ್ದಳೋ ನಾವರಿಯೆವು.

ಮಾವನವರು ಬೆಳಿಗ್ಗೆ ಬಿಟ್ಟ ಬಂಡೆಯ ಮೇಲೆಯೇ ಇದ್ದರು. ಮೊಮ್ಮಗಳ ಮೋರೆಯನ್ನು ನೋಡಿ ವಿಷಯವನ್ನು ತಿಳಿದುಕೊಂಡರು. ಆಕೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕೇಳದೆಯೇ ಮಾತು ತೆಗೆದರು: “ನಿನ್ನೆ ಕೇಳಿದೆಯಲ್ಲ ಮಗು, ಹೌದು, ಅಗೆದವರು ನಾವೇ. ಆ ಸಂಬಳದಿಂದಲೇ ನಿನ್ನಪ್ಪ ಓದಿದ; ನಿನ್ನ ಅತ್ತೆಯ ಮದುವೆಯಾಯಿತು. ದುಡಿದದ್ದಕ್ಕೆ ನನಗೆ ನಾಚಿಕೆಯಿಲ್ಲ. ನಿಲ್ಲಿಸಿದಾಗ ಬಹಳ ಕೋಪ ಬಂದಿತ್ತು. ಕೋತಿಗೆ ಒಂದು ಊರು, ನಮಗೆ ಊರಿಲ್ಲವೇ ಅಂತ ಬೈದವನು ನಾನು. ಇವತ್ತು ಬೆಳಗ್ಗಿನಿಂದ ಈ ನೀರನ್ನೇ ನೋಡುತ್ತಾ ಕೂತೆ. ಇಷ್ಟು ತಿಳಿನೀರನ್ನು ಇಲ್ಲಿದ್ದ ಇಪ್ಪತ್ತಾರು ವರ್ಷದಲ್ಲಿ ಒಂದು ದಿನವೂ ಕೂತು ನೋಡಿರಲಿಲ್ಲ, ಪುರುಸೊತ್ತಿರಲಿಲ್ಲ. ಆ ಊರು ಹೋದದ್ದು ಇವತ್ತಿಗೂ ಸಂಕಟವೇ. ಈ ನೀರು ಉಳಿದದ್ದು ಒಳ್ಳೆಯದೇ. ಎರಡೂ ನಿಜ. ನೀನು ದೊಡ್ಡವಳಾದ ಮೇಲೆ ಒಂದನ್ನು ಹೇಳುವಾಗ ಇನ್ನೊಂದನ್ನು ಮರೆಯಬೇಡ.”

ಮಗಳು ಏನನ್ನೂ ಅನ್ನಲಿಲ್ಲ. ಅಜ್ಜನ ಕೈಹಿಡಿದು ಕುಳಿತಳು. ನಮ್ಮ ಮನೆಯಲ್ಲಿ ಹತ್ತೊಂಬತ್ತು ವರ್ಷ ಯಾರೂ ಆಡದೆ ಇದ್ದ ಮಾತು ಅಂದು ಆ ಹಳ್ಳದ ದಡದಲ್ಲಿ ಹೊರಬಿತ್ತು.

ಮಕ್ಕಳೊಡನೆ ಇಂತಹ ಪ್ರಯಾಣವನ್ನು ಮಾಡಬೇಕೆನ್ನುವ ಸಹೋದರಿಯರಿಗೆ ಕೆಲವು ಸೂಚನೆಗಳನ್ನು ಕೊಡುವೆವು. ಮಳೆಗಾಲ ಕಳೆದ ಮೇಲೆ ಹೊರಡುವುದು ಲೇಸು. ಕಡುಬೇಸಗೆಯಲ್ಲಿ ಹುಲ್ಲು ಒಣಗಿ ಬೆಂಕಿಯ ಭಯವಿರುತ್ತದೆ. ಹೊಸ ಪಾದರಕ್ಷೆಯನ್ನು ಪ್ರಯಾಣದ ದಿನ ತೊಡಿಸದೆ ಎರಡು ವಾರ ಮೊದಲೇ ರೂಢಿ ಮಾಡಿಸಬೇಕು. ಪ್ರತಿಯೊಂದು ಮಗುವಿಗೂ ಒಂದು ಚಿಕ್ಕ ಚೀಲ, ನೀರು, ಬೆಚ್ಚನೆಯ ಅಂಗಿ, ಮಳೆಯಂಗಿ ಇರಲಿ. ತನ್ನ ಹೊರೆಯನ್ನು ತಾನು ಹೊರುವ ಮಗುವಿಗೆ ನಡಿಗೆ ತನ್ನದೆನಿಸುವುದು. ಅರ್ಧ ಗಂಟೆಗೊಮ್ಮೆ ಕೂರಿಸಿ ಬೆಲ್ಲವನ್ನೋ ಹಣ್ಣನ್ನೋ ಕೊಡಬೇಕು. ತಿಂದು ಉಳಿದ ಕಾಗದ, ಸಿಪ್ಪೆ, ಬಾಟ್ಲಿಗಳನ್ನೆಲ್ಲಾ ಮರಳಿ ತರಬೇಕು. ಮಾರ್ಗದರ್ಶಿಯು ತಿರುಗೋಣ ಎಂದರೆ ತಿರುಗತಕ್ಕದ್ದು. ಸಾಧ್ಯವಾದರೆ ಮನೆಯ ಹಿರಿಯರನ್ನೂ ಸಂಗಡ ಕರೆದೊಯ್ಯಬೇಕು. ಬೆಟ್ಟವನ್ನು ಹತ್ತಲಾರದಿದ್ದರೂ ಬೆಟ್ಟದ ಬುಡದಲ್ಲಿ ಅವರು ಹೇಳುವ ಮಾತು ಬೇರೆಲ್ಲಿಯೂ ಸಿಕ್ಕುವುದಿಲ್ಲ.

ಮನೆಗೆ ಬಂದ ಮೇಲೆ ಮಗಳು ಶಾಲೆಯ ಪುಸ್ತಕದಲ್ಲಿ ಬೆಟ್ಟಸಾಲಿನ ಪಟವನ್ನು ಬರೆದಳು. ತುಂಗೆ, ಭದ್ರೆ, ನೇತ್ರಾವತಿಗಳನ್ನು ನೀಲಿಯಿಂದ ಎಳೆದು, ತಾವು ಹಿಂದಿರುಗಿದ ಸ್ಥಳಕ್ಕೆ ಒಂದು ಗುರುತು ಹಾಕಿದಳು. ಬಳಿಕ ಪೆನ್ಸಿಲನ್ನು ಅಜ್ಜನ ಕೈಗೆ ಕೊಟ್ಟಳು. ಮಾವನವರು ಕನ್ನಡಕ ಹಾಕಿಕೊಂಡು, ಗಣಿ ಎಲ್ಲಿತ್ತು, ಮನೆಗಳ ಸಾಲು ಎಲ್ಲಿತ್ತು, ಮಕ್ಕಳು ಓದಿದ ಶಾಲೆ ಎಲ್ಲಿತ್ತು ಎಂಬುದನ್ನು ಒಂದೊಂದಾಗಿ ಬರೆದು ತೋರಿಸಿದರು. ಆ ಪಟವು ಈಗ ನಮ್ಮ ಅಡಿಗೆಮನೆಯ ಗೋಡೆಯ ಮೇಲಿದೆ.