ಇನ್ನೊಂದು ಸುತ್ತು

ಹುಬ್ಬಳ್ಳಿಯಿಂದ ಹೊರಟ ನಮ್ಮ ವಿಮಾನ ಬೆಂಗಳೂರಿನಲ್ಲಿ ಇನ್ನೇನು ನೆಲ ಮುಟ್ಟಬೇಕು, ಅಷ್ಟರಲ್ಲಿ ಗುಡುಗುತ್ತ ಮತ್ತೆ ಮೇಲೆದ್ದಿತು. ಮಗಳ ಹೆರಿಗೆಗೆಂದು ಹೊರಟಿದ್ದ ಮುಂಡರಗಿಯ ಹಿರಿಯರೊಬ್ಬರು ನನ್ನ ಪಕ್ಕದಲ್ಲಿದ್ದರು. “ಇವಗ ಇಳಸಾಕ ಬರೂದಿಲ್ಲೇನ್ರಿ?” ಎಂದು ಸಿಡುಕಿದರು. ಮುಂದೆ ಇಳಿದ ವಿಮಾನ ಇನ್ನೂ ರನ್‌ವೇ ಬಿಟ್ಟು ಸರಿದಿಲ್ಲವೆಂದು ಪೈಲಟ್ ತಿಳಿಸಿದರು.

ಲಕ್ಷ್ಮೇಶ್ವರದ ಬಸ್ಸು ಹತ್ತು ನಿಮಿಷ ತಡವಾದರೆ ಗದಗಿನಲ್ಲಿ ನಿಂತು ಗೊಣಗುವವನು ನಾನು. ಅಂದು ಮಾತ್ರ ಮಂಗಳೂರು ನೆನಪಾಯಿತು. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ವಿಮಾನ, ಬಜ್ಪೆ ಗುಡ್ಡದ ಮೇಲಿನ 2,450 ಮೀಟರ್ ರನ್‌ವೇಯಲ್ಲಿ ಅರ್ಧಕ್ಕೂ ಹೆಚ್ಚು ದೂರ ದಾಟಿದ ಮೇಲೆ ನೆಲ ಮುಟ್ಟಿತು. ತುದಿಯಾಚೆ ಕಣಿವೆ. ಇಳಿಯುವುದು ಬೇಡ, ಮೇಲೇರೋಣವೆಂದು ಸಹಪೈಲಟ್ ಮೂರು ಸಲ ಹೇಳಿದ್ದರಂತೆ. ತನಿಖೆಯಲ್ಲಿ ಹೊರಬಿದ್ದ ಮಾತಿದು. 166 ಜನರಲ್ಲಿ ಉಳಿದವರು 8 ಮಂದಿ.

ಹಿರಿಯರಿಗೆ ಇಷ್ಟನ್ನೇ ಹೇಳಿದೆ. ಅವರು ಎಲೆಅಡಿಕೆಯ ಚಂಚಿಯನ್ನು ಬಿಗಿಯಾಗಿ ಹಿಡಿದು ಕಿಟಕಿಯತ್ತ ತಿರುಗಿದರು. ಒಂದು ಸುತ್ತು ಹಾಕಿ ಬಂದು ಚಕ್ರ ನೆಲಕ್ಕೆ ತಾಗಿತು. ಚಂಚಿ ಸಡಿಲಿಸಿ, “ತಡಾ ಆತು. ಆಗ್ಲಿ ಬಿಡ್ರಿ,” ಎಂದರು.